ಗದ್ದೆ ಇಲ್ಲದ ಮನೆಯಲ್ಲಿ ಪುತ್ತರಿ ಕದಿರು

ಗದ್ದೆ ಪಾಳು ಬಿದ್ದಿದೆ, ಮನೆ ಮಡಿಕೇರಿಯದೋ ವಿರಾಜಪೇಟೆಯದೋ ಬಡಾವಣೆಯಲ್ಲಿದೆ, ಕೊಡಗಿನ ಸುಗ್ಗಿ ಹಬ್ಬ ಪುತ್ತರಿಯನ್ನು ಮಾತ್ರ ಬಿಡುವ ಹಾಗಿಲ್ಲ. ಯಾರೋ ಕೊಯ್ದ ಕದಿರನ್ನು ತಂದು ಬಾಗಿಲಿಗೆ ಕಟ್ಟಿದರೂ ಹಬ್ಬವೇ. ಆದರೆ ನಿಂತ ಪೈರನ್ನು ಮುಹೂರ್ತಕ್ಕೆ ಕೊಯ್ಯುವುದೇ ಬೇರೆ. ಅಂಗಳದಲ್ಲಿ ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಮೂಲೆ ಇದ್ದರೆ ಭತ್ತ ಬೆಳೆಸಲು ಎರಡು ಟಬ್ಬು ಸಾಕು.

ಕಷ್ಟ ಇರುವುದು ಬೆಳೆಸುವುದರಲ್ಲಲ್ಲ, ದಿನ ಹೊಂದಿಸುವುದರಲ್ಲಿ. ಹುಣ್ಣಿಮೆಯ ಆಸುಪಾಸಿನ ರೋಹಿಣಿ ನಕ್ಷತ್ರಕ್ಕೆ ಪುತ್ತರಿ. 2023ರಲ್ಲಿ ನವೆಂಬರ್ 27ಕ್ಕೆ ಬಂತು, 2024ರಲ್ಲಿ ಡಿಸೆಂಬರ್ 14ಕ್ಕೆ. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಾಲಯದಲ್ಲಿ ಮುಹೂರ್ತ ಗೊತ್ತಾಗುವವರೆಗೆ ಕಾದರೆ ಬಿತ್ತನೆಯ ಕಾಲ ಎಂದೋ ಮುಗಿದಿರುತ್ತದೆ. ಮೇ ತಿಂಗಳಲ್ಲೇ ಪಂಚಾಂಗ ನೋಡಿ ಅಂದಾಜು ದಿನ ಗುರುತು ಹಾಕಿ, ಅಲ್ಲಿಂದ ತಳಿಯ ಅವಧಿಯನ್ನು ಹಿಂದಕ್ಕೆ ಎಣಿಸಿ. ಇಂಟಾನ್‌ನಂಥ ದೀರ್ಘಾವಧಿ ತಳಿಗೆ ಐದು ತಿಂಗಳ ಮೇಲೆ ಬೇಕು, ಎಂದರೆ ಜೂನ್‌ನಲ್ಲೇ ಬಿತ್ತಬೇಕು. ಬಯಲುಸೀಮೆಯಲ್ಲಿ 120 ದಿನಕ್ಕೆ ಬರುವ ತಳಿಗೂ ಇಲ್ಲಿನ ಮೋಡ, ಚಳಿಯ ಲೆಕ್ಕದಲ್ಲಿ ಹತ್ತು ಹದಿನೈದು ದಿನ ಸೇರಿಸಿ. ಎರಡು ಟಬ್ಬನ್ನೂ ಒಂದೇ ದಿನ ಬಿತ್ತಬೇಡಿ, ಹತ್ತು ದಿನ ಅಂತರವಿರಲಿ. ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ.

ಬೀಜ ಕುಟುಂಬದ ಮೂಲಮನೆಯಾದ ಐನ್‌ಮನೆಯ ಕಡೆಯದೇ ಸಿಕ್ಕರೆ ಒಳ್ಳೆಯದು, ಒಂದು ಹಿಡಿ ಧಾರಾಳ. 24 ಗಂಟೆ ನೆನೆಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಿ. ಜೂನ್ ಚಳಿಯಲ್ಲಿ ಹೊರಗಿಟ್ಟರೆ ಮೊಳಕೆಗೆ ಮೊದಲು ಬೂಷ್ಟು ಬರುತ್ತದೆ. ಟ್ರೇಯಲ್ಲಿ ಸಸಿ ಮಾಡಿ 25 ದಿನಕ್ಕೆ ನಾಟಿ. ಟಬ್ಬು 20 ಲೀಟರಿನದು, ತಳದಲ್ಲಿ ತೂತು ಬೇಡ. ಮೂರು ಪಾಲು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಕಲಸಿ 25 ಸೆಂ.ಮೀ. ಎತ್ತರಕ್ಕೆ ತುಂಬಿ. ಮಣ್ಣಿನಿಂದ ಐದು ಸೆಂ.ಮೀ. ಮೇಲೆ ಪಕ್ಕದಲ್ಲಿ ಒಂದು ತೂತು ಕೊರೆಯಿರಿ. ಇಲ್ಲದಿದ್ದರೆ ಜುಲೈ ಮಳೆಗೆ ಸಸಿ ಮುಳುಗುತ್ತದೆ. ಟಬ್ಬಿಗೆ ಮೂರು ಗುಣಿ, ಗುಣಿಗೆ ಎರಡು ಸಸಿ. ನೀರು ಎರಡು ಮೂರು ಸೆಂ.ಮೀ. ನಿಂತಿರಲಿ, ಆದರೆ ವಾರಕ್ಕೊಮ್ಮೆ ಬಸಿದು ಒಂದು ದಿನ ಹಾಗೇ ಬಿಡಿ, ಸೊಳ್ಳೆ ಮರಿ ಉಳಿಯಬಾರದು.

ಎಲೆ ಕಡು ಹಸಿರಾಗಿ ಸೊಂಪಾಗಿದೆ, ಕದಿರೇ ಇಲ್ಲ ಎಂಬ ದೂರಿಗೆ ಎರಡು ಕಾರಣ. ಒಂದು, ಯೂರಿಯಾ ಪ್ರೀತಿ. ಇನ್ನೊಂದು, ಯಾರೂ ಅನುಮಾನಿಸದ ಗೇಟಿನ ಲೈಟು: ಹಳೆಯ ದೀರ್ಘಾವಧಿ ತಳಿಗಳಲ್ಲಿ ಎಷ್ಟೋ ತಳಿಗಳು ಹೊಡೆ, ಎಂದರೆ ಎಳೆ ತೆನೆ, ಹೊರಡಲು ಉದ್ದನೆಯ ಕತ್ತಲನ್ನೇ ಕಾಯುತ್ತವೆ. ಆಗಸ್ಟ್‌ನಿಂದಾಚೆ ರಾತ್ರಿಯಿಡೀ ಬೆಳಕು ಬೀಳದ ಕಡೆ ಟಬ್ಬು ಸರಿಸಿ. ಹಾಲುಗಾಳು ಕಟ್ಟುವಾಗ ಹಕ್ಕಿಗಳು ತಿನ್ನದಂತೆ ಪೈರಿಗೆ ಹಳೆಯ ಸೊಳ್ಳೆಪರದೆ ಹೊದಿಸಿ. ಕೊಯ್ಯುವ ಹತ್ತು ದಿನ ಮೊದಲು ನೀರು ನಿಲ್ಲಿಸಿ. ಕದಿರು ಪೂರ್ತಿ ಒಣಗಬೇಕಿಲ್ಲ, ಬಾಗಿ ಹೊಂಬಣ್ಣ ತಿರುಗಿದ್ದರೆ ಸಾಕು.

ಹಬ್ಬದ ರಾತ್ರಿ ನೆರೆ (ಎಲೆಗಳ ಕಟ್ಟು) ಕಟ್ಟುವುದು, ಕದಿರು ತೆಗೆಯುವುದು, ಊಟ, ಈ ಕ್ರಮ ಮಾತ್ರ ಅದಲುಬದಲಾಗಬಾರದು. ಸಾಮಾನ್ಯವಾಗಿ ಒಂದೊಂದಕ್ಕೂ ಗಂಟೆಯ ಅಂತರವಿರುತ್ತದೆ. ನೆರೆಗೆ ಬೇಕಾದ ಮಾವು, ಅರಳಿ ಮೊದಲಾದ ಎಲೆಗಳನ್ನು ಹಗಲಲ್ಲೇ ತಂದಿಡಿ, ಟಾರ್ಚ್ ಹಿಡಿದು ಮರ ಹುಡುಕುವ ಹೊತ್ತಲ್ಲ ಅದು. ಬೊಳ್ಚದ (ದೀಪದ) ಜೊತೆ ಟಬ್ಬಿನ ಬಳಿ ಹೋಗಿ, ಬುಡಕ್ಕೆ ಹಾಲು, ಜೇನು ಎರೆದು, ಬೆಸ ಸಂಖ್ಯೆಯಲ್ಲಿ ಕದಿರು ಕೊಯ್ದು, "ಪೊಲಿ ಪೊಲಿ ದೇವಾ" ಎನ್ನುತ್ತಾ ಒಳಗೆ ತನ್ನಿ. ಕೂಗು ಮೆಲ್ಲಗಾಗುವುದು ಬೇಡ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಟ್ಟರಾಯಿತು. ಕೋವಿಗೆ ಪರವಾನಗಿ ಬೇಡವೆಂಬ ವಿನಾಯಿತಿ ಪತ್ರ ಇದೆಯೆಂದು ವಾಡಿಕೆಯಂತೆ ಮನೆಗಳ ನಡುವೆ ಗುಂಡು ಹಾರಿಸಬೇಡಿ, ಪಟಾಕಿ ನಡೆಯುತ್ತದೆ.

ಹಬ್ಬದ ಸಿಹಿ ತಂಬುಟ್ಟಿಗೆ ಮಿಕ್ಸಿ ಅಡ್ಡಿಯಲ್ಲ. ಒಂದು ಲೋಟ ಕುಸುಬಲಕ್ಕಿಯನ್ನು ಅರೆ ಚಮಚ ಮೆಂತ್ಯದ ಜೊತೆ ಸಣ್ಣ ಉರಿಯಲ್ಲಿ ಹುರಿಯಿರಿ. ಮೆಂತ್ಯ ಕಪ್ಪಾದರೆ ಇಡೀ ಪುಡಿ ಕಹಿ. ಪೂರ್ತಿ ಆರಿದ ಮೇಲೆ ಏಲಕ್ಕಿ ಸೇರಿಸಿ ಪುಡಿಮಾಡಿ, ಜರಡಿ ಹಿಡಿಯಿರಿ. ಸಿಪ್ಪೆಗೆ ಚುಕ್ಕೆ ಬಿದ್ದಷ್ಟು ಕಳಿತ ಏಳೆಂಟು ಬಾಳೆಹಣ್ಣು ಕಿವುಚಿ, ಪುಡಿಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕಿ ಕಲಸಿ. ಇನ್ನೂ ತುಸು ತೆಳುವಾಗಿದೆ ಅನಿಸುವಾಗಲೇ ನಿಲ್ಲಿಸಿ, ಅರ್ಧ ಗಂಟೆಯಲ್ಲಿ ತಾನೇ ಬಿಗಿಯುತ್ತದೆ. ಸಂಜೆಗೇ ಕಲಸಿಟ್ಟರೆ ಕಪ್ಪಾಗುತ್ತದೆ. ತುಪ್ಪ, ತೆಂಗಿನ ತುರಿ, ಹುರಿದ ಎಳ್ಳು ಬಡಿಸುವಾಗ.

ಟಬ್ಬಿನಲ್ಲಿ ಉಳಿದ ತೆನೆಗಳನ್ನು ಇನ್ನೊಂದು ವಾರ ಬಿಟ್ಟು ಕೊಯ್ದು, ನೆರಳಲ್ಲಿ ಒಣಗಿಸಿ, ಬಟ್ಟೆಚೀಲದಲ್ಲಿ ಅಟ್ಟಕ್ಕೆ ಹಾಕಿ. ಮುಂದಿನ ಜೂನ್‌ನ ಬೀಜ ಅದೇ.