ಒಂದೇ ಸಂಬಳ, ಅದೂ ಹತ್ತು ತಿಂಗಳು: ವಿದ್ಯಾನಗರದಲ್ಲಿ ನಾವು ಬಾಡಿಗೆ ಮನೆ ಹಿಡಿದದ್ದು

ನಾನು ಕನ್ನಡ ಮಾಧ್ಯಮದ ಶಾಲೆಯಲ್ಲಿ ದಿನಗೂಲಿ ಟೀಚರ್. ಇವರು ಬೆಂಗಳೂರಿನ ಕೆಲಸ ಬಿಟ್ಟು ಬಂದು ಪಿಎಸ್‌ಸಿಗೆ, ಅಂದರೆ ಕೇರಳ ಸರಕಾರಿ ಕೆಲಸದ ಪರೀಕ್ಷೆಗೆ, ಓದುತ್ತಿದ್ದಾರೆ. ಕನ್ನಡ, ಮಲಯಾಳ ಎರಡೂ ಗೊತ್ತಿರುವವರಿಗೆ ಅಂತಲೇ ಕಾಸರಗೋಡು ಜಿಲ್ಲೆಯಲ್ಲಿ ಕರೆಯುವ ಹುದ್ದೆಗಳಿವೆಯಲ್ಲ, ಅದರ ಮೇಲೆ ಕಣ್ಣು. ಮೊದಲ ವರ್ಷ ಪೆರ್ಲದ ಮನೆಯಿಂದಲೇ ಹೋಗಿ ಬಂದೆ. ಬದಿಯಡ್ಕ, ಚೆರ್ಕಳ ದಾಟಿ ಕಾಸರಗೋಡು ಪೇಟೆಯ ಹತ್ತಿರದ ವಿದ್ಯಾನಗರ, ಅಲ್ಲಿ ನನ್ನ ಶಾಲೆ. ದಿನಕ್ಕೆ ಮೂರು ತಾಸು ಬಸ್ಸಿಗೇ ಹೋಗುತ್ತಿತ್ತು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಹೆದ್ದಾರಿ ಅಗಲ ಮಾಡುವ ಕೆಲಸದ ಕೆಸರಿನಲ್ಲಿ ಎರಡು ಸೀರೆ ಹಾಳಾದ ಮೇಲೆ ಅತ್ತೆಯೇ ಹೇಳಿದರು, "ಅಲ್ಲೇ ಎಲ್ಲಿಯಾದರೂ ಒಂದು ಕ್ವಾರ್ಟರ್ಸ್ ನೋಡಿ ಮಕ್ಕಳೇ." ನಮ್ಮಲ್ಲಿ ಬಾಡಿಗೆಗೆಂದೇ ಸಾಲಾಗಿ ಕಟ್ಟಿದ ಮನೆಗಳಿಗೆ ಕ್ವಾರ್ಟರ್ಸ್ ಅಂತಲೇ ಹೆಸರು, ಸರಕಾರಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೊದಲು ನೋಡಿದ ಮನೆಯ ಯಜಮಾನರು ಕನ್ನಡದವರೇ. "ನಿಮ್ಮವರಿಗೆ ಎಂತ ಕೆಲಸ ಟೀಚರೇ?" ಅಂದರು. ನನ್ನ ಬಾಯಿಂದ "ವರ್ಕ್ ಫ್ರಮ್ ಹೋಮ್" ಅಂತ ಬಂದುಬಿಟ್ಟಿತು. ಕಂಪೆನಿ ಯಾವುದು ಅಂತ ಕೇಳಿದಾಗ ಇವರು ಬಿಟ್ಟು ಬಂದ ಕಂಪೆನಿಯ ಹೆಸರನ್ನೇ ಹೇಳಿದೆ. ಅವರಿಗೆ ಖುಷಿಯೋ ಖುಷಿ. ಒಳಗೆ ಹೋಗಿ ಬಿಸಿಎ ಮುಗಿಸಿ ಕೂತ ಮಗನನ್ನು ಕರೆದುಕೊಂಡು ಬಂದು, "ಇವನ ಬಯೋಡೇಟಾ ಕಳಿಸುತ್ತೇನೆ, ಒಂದು ಮಾತು ಹೇಳಿ ಮಾರಾಯ್ರೆ" ಅಂದರು. ಆ ಹುಡುಗನ ಮುಖ ನೋಡಿ ಇವರು ಚಹಾ ಅರ್ಧಕ್ಕೇ ಬಿಟ್ಟು ಎದ್ದರು. ಮನೆ ಚೆನ್ನಾಗಿತ್ತು, ನಾವೇ ಬೇಡ ಅಂದೆವು.

ಎರಡನೆಯ ಕಡೆ ಸತ್ಯ ಹೇಳಿದೆವು. ಆದರೆ ಬರೀ "ಸದ್ಯಕ್ಕೆ ಕೆಲಸ ಇಲ್ಲ" ಅಂತ ಅಷ್ಟೇ. ಸಂಜೆ ಬ್ರೋಕರ್ ಫೋನ್ ಮಾಡಿ, "ಅವರು ಫ್ಯಾಮಿಲಿಗೆ ಮಾತ್ರ ಕೊಡುವುದಂತೆ" ಅಂದ. ನಾವು ಫ್ಯಾಮಿಲಿ ಅಲ್ಲವಾ ಅಂತ ಕೇಳಿದ್ದಕ್ಕೆ, ಗಂಡಸು ಹಗಲಿಡೀ ಮನೆಯಲ್ಲಿದ್ದರೆ ಅಕ್ಕಪಕ್ಕದ ಹೆಂಗಸರಿಗೆ ಸರಿ ಆಗುವುದಿಲ್ಲ ಅಂತ ಅಂದ. ನನಗೆ ಸಿಟ್ಟು ಬಂತು. ಇದೇ ಹೆಂಗಸು ಹಗಲಿಡೀ ಮನೆಯಲ್ಲಿದ್ದರೆ ಯಾರೂ ಕೇಳುವುದಿಲ್ಲ. ಆದರೆ ಸಿಟ್ಟಿನಿಂದ ಮನೆ ಸಿಗುವುದಿಲ್ಲವಲ್ಲ. ಅವರ ಹೆದರಿಕೆ ಎರಡು ಅಂತ ಆಗ ಅರ್ಥ ಆಯಿತು: ಒಂದು ಬಾಡಿಗೆಯದ್ದು, ಇನ್ನೊಂದು ಗಂಡಸಿನದ್ದು. ಎರಡಕ್ಕೂ ಅವರು ಕೇಳುವ ಮೊದಲೇ ಉತ್ತರ ಇಟ್ಟುಕೊಂಡು ಹೋಗಬೇಕಿತ್ತು.

ಆ ರಾತ್ರಿ ಇಬ್ಬರೂ ಕೂತು ಲೆಕ್ಕ ಬರೆದೆವು. ದಿನಗೂಲಿಯವರ ಸಂಬಳ ಅಂದರೆ ಪಾಠ ಮಾಡಿದ ದಿನಕ್ಕೆ ಮಾತ್ರ. ತುಂಬಿದ ತಿಂಗಳಲ್ಲಿ ನನಗೆ 22 ಸಾವಿರದ ಹತ್ತಿರ ಬರುತ್ತಿತ್ತು. ಓಣಂ ರಜೆ, ಕ್ರಿಸ್ಮಸ್ ರಜೆ ಬಂದ ತಿಂಗಳಲ್ಲಿ 15 ಸಾವಿರ. ಏಪ್ರಿಲ್, ಮೇ ಪೂರ್ತಿ ಸೊನ್ನೆ. ಜೂನ್‌ನಲ್ಲಿ ಶಾಲೆ ಶುರುವಾದರೂ ಬಿಲ್ಲು ಪಾಸಾಗಿ ಕೈಗೆ ಬರುವಾಗ ಹಿಂದಿನ ವರ್ಷ ಆಗಸ್ಟ್ ಆಗಿತ್ತು. ಅದಕ್ಕೆ 22 ಸಾವಿರವನ್ನು ನೋಡಿ ಬಾಡಿಗೆ ನಿಶ್ಚಯಿಸಬಾರದು, ಡಿಸೆಂಬರದ 15 ಸಾವಿರವನ್ನು ನೋಡಬೇಕು ಅಂತ ಮಾಡಿದೆವು. ಹಾಗೆ ನೋಡಿದಾಗ 6,500 ಮೇಲಿನದ್ದು ನಮಗೆ ಆಗುವುದಿಲ್ಲ. ಆ 6,500 ಕೂಡ ನಿಜವಾಗಿ 6,500 ಅಲ್ಲ. ವರ್ಷಕ್ಕೆ 78,000. ಸಂಬಳ ಬರುವುದು ಹತ್ತು ತಿಂಗಳು, ಹಂಚಿದರೆ ತಿಂಗಳಿಗೆ 7,800. ಹೆಚ್ಚಾದ ಆ 1,300ನ್ನು ಪ್ರತಿ ತಿಂಗಳು ಬೇರೆ ಖಾತೆಗೆ ಹಾಕಿದರೆ ಮಾರ್ಚಿಗೆ 13,000 ಆಗುತ್ತದೆ, ರಜೆಯ ಎರಡು ತಿಂಗಳ ಬಾಡಿಗೆಗೆ ಸರಿಯಾಗಿ. ಅಡ್ವಾನ್ಸಿಗೆ ಮತ್ತು ಜೂನ್, ಜುಲೈ ದಾಟಿಸುವುದಕ್ಕೆ ನನ್ನ ಎರಡು ಪವನಿನ (16 ಗ್ರಾಂ) ಚಿನ್ನದ ಬಳೆ ಸಹಕಾರಿ ಬ್ಯಾಂಕಿನಲ್ಲಿ ಅಡವಿಟ್ಟೆ. ಅಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಮೂರನೆಯ ಮನೆ ಬಂದದ್ದು ಬ್ರೋಕರ್ ಮೂಲಕ ಅಲ್ಲ, ಶಾಲೆಯ ಆಯಾ ಹೇಳಿದ್ದು. ಕೆಳಗೆ ಯಜಮಾನಿ, ಮೇಲೆ ಎರಡು ಕ್ವಾರ್ಟರ್ಸ್. ಆಕೆಯ ಗಂಡ ಗಲ್ಫಿನಲ್ಲಿ. ಎಲ್ಲರೂ ಇತ್ತಾ (ಅಕ್ಕ) ಅಂತ ಕರೆಯುತ್ತಾರೆ, ನಾವೂ ಹಾಗೇ ಕರೆದೆವು. ಕೂತ ಕೂಡಲೇ ನಾನೇ ಶುರು ಮಾಡಿದೆ: ಸಂಬಳ ನನ್ನದೊಂದೇ, ಇವರು ಪಿಎಸ್‌ಸಿಗೆ ಓದುವುದು, ಬೆಳಿಗ್ಗೆ ಒಂಬತ್ತೂವರೆಗೆ ಬುತ್ತಿ ಹಿಡಿದುಕೊಂಡು ಪೇಟೆಯ ಗ್ರಂಥಾಲಯಕ್ಕೆ ಹೋದರೆ ಬರುವುದು ನಾಲ್ಕಕ್ಕೆ. ಬ್ಯಾಂಕಿನ ಪುಸ್ತಕ ಮತ್ತು ನಮ್ಮ ಲೆಕ್ಕದ ಹಾಳೆ ಎದುರಿಗಿಟ್ಟೆ. ಇತ್ತಾ ಅದನ್ನು ನೋಡಲೇ ಇಲ್ಲ. "ಏಪ್ರಿಲ್, ಮೇ ಎಂತ ಮಾಡುವುದು ಟೀಚರೇ?" ಅಂತ ನೇರ ಕೇಳಿದರು. ಅವರ ನಾದಿನಿಯೂ ಒಂದು ಕಾಲದಲ್ಲಿ ದಿನಗೂಲಿ ಟೀಚರ್ ಆಗಿದ್ದರಂತೆ. ಮಾರ್ಚಿನಲ್ಲೇ ಎರಡೂ ತಿಂಗಳದ್ದು ಒಟ್ಟಿಗೆ ಕೊಡುತ್ತೇನೆ ಅಂದೆ. ಆಗ ಹಾಳೆ ಎತ್ತಿಕೊಂಡರು.

ಗ್ರಂಥಾಲಯದ ವಿಷಯ ಇವರಿಗೆ ಮೊದಲು ಅವಮಾನ ಅನಿಸಿತ್ತು. "ಅಕ್ಕಪಕ್ಕದವರಿಗೆ ತೋರಿಸಲಿಕ್ಕೆ ನಾನು ಬುತ್ತಿ ಹಿಡಿದುಕೊಂಡು ಹೋಗಬೇಕಾ?" ಅಂತ ಎರಡು ದಿನ ಮಾತಾಡಲಿಲ್ಲ. ಈಗ ಭಾನುವಾರ ಮನೆಯಲ್ಲಿ ಕೂತರೆ ಓದು ಹತ್ತುವುದಿಲ್ಲ ಅನ್ನುತ್ತಾರೆ.

ಎಗ್ರಿಮೆಂಟ್ 11 ತಿಂಗಳಿಗೆ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬರೆದರೆ 1908ರ ನೋಂದಣಿ ಕಾಯಿದೆ ಪ್ರಕಾರ ರಿಜಿಸ್ಟರ್ ಮಾಡಿಸಬೇಕು, ಅದಕ್ಕೇ ಎಲ್ಲರೂ 11 ಅಂತ ಬರೆಸುವುದು. ಮಲಯಾಳದಲ್ಲಿತ್ತು. ಮಾತಾಡುವ ಮಲಯಾಳ ಬೇರೆ, ಪತ್ರ ಬರೆಯುವವರ ಮಲಯಾಳ ಬೇರೆ. ಮನೆಗೆ ತಂದು ನಿಧಾನಕ್ಕೆ ಓದಿದಾಗ, ಅವಧಿಗೆ ಮೊದಲು ಬಿಟ್ಟರೆ ಅಡ್ವಾನ್ಸ್ ವಾಪಸು ಇಲ್ಲ ಅಂತ ಒಂದು ಸಾಲು ಸಿಕ್ಕಿತು. ನನ್ನಂಥವಳಿಗೆ ಅದು ಅಪಾಯ. ಖಾಯಂ ಟೀಚರ್ ಬಂದು ಸೇರಿದ ದಿನ ನನ್ನ ಕೆಲಸ ಮುಗಿಯಿತು. ಒಂದು ತಿಂಗಳು ಮೊದಲೇ ಹೇಳಿದರೆ ಅಡ್ವಾನ್ಸ್ ಪೂರ್ತಿ ವಾಪಸು ಅಂತ ತಿದ್ದಿಸಿದೆವು. ಬಾಡಿಗೆ 5ನೇ ತಾರೀಕಿನೊಳಗೆ ಅಂತ ಇದ್ದದ್ದನ್ನು 10 ಮಾಡಿಸಿದೆವು. ಇದಕ್ಕೆಲ್ಲ ಇತ್ತಾ ಬೇಡ ಅನ್ನಲಿಲ್ಲ, ಬರೆಯುವವರಿಗೇ ಬೇಸರ. ಅವರು ಇವರ ಹೆಸರು ಮಾತ್ರ ಹಾಕಿದ್ದರು, ಗಂಡಸಲ್ಲವಾ ಅಂತ. ಹಣ ಹೋಗುವುದು ನನ್ನ ಖಾತೆಯಿಂದ, ನನ್ನ ಹೆಸರು ಮೊದಲು ಇರಲಿ ಅಂದೆ. ಇವರ ಹೆಸರನ್ನೂ ಬಿಡಲಿಲ್ಲ. ನಾನು ತಿಂಗಳುಗಟ್ಟಲೆ ತವರಿಗೆ ಹೋಗುವ ಸಂದರ್ಭ ಬಂದರೆ ಇವರು ಅಲ್ಲಿ ಬರೀ "ಟೀಚರ ಗಂಡ" ಆಗಿ ಉಳಿಯಬಾರದು.

ಒಂದು ಕಡೆ ಮಾತ್ರ ಎಡವಿದೆವು. ಮೇಲಿನ ಎರಡು ಮನೆಗೂ ಸೇರಿ ಒಂದೇ ಕರೆಂಟ್ ಮೀಟರ್ ಇತ್ತು, ಬಿಲ್ಲು ಅರ್ಧ ಅರ್ಧ ಅಂದಾಗ ಹೂಂ ಅಂದೆವು. ಕೇರಳದಲ್ಲಿ ಮನೆಗಳಿಗೆ ಬಿಲ್ಲು ಎರಡು ತಿಂಗಳಿಗೊಮ್ಮೆ. ತಿಂಗಳಿಗೆ 250 ಯೂನಿಟಿನ ಲೆಕ್ಕದವರೆಗೆ ಹಂತ ಹಂತವಾಗಿ ದರ ಏರುತ್ತದೆ. ಅದನ್ನು ದಾಟಿದರೆ ಮೊದಲ ಯೂನಿಟಿನಿಂದಲೇ ಎಲ್ಲದಕ್ಕೂ ದೊಡ್ಡ ದರ. ನಮ್ಮದು ಎರಡು ಫ್ಯಾನ್, ಒಂದು ಫ್ರಿಡ್ಜ್. ಪಕ್ಕದವರದ್ದು ಏಸಿ. ಮಾರ್ಚಿನ ಬಿಲ್ಲು ನೋಡಿ ನಾನು ಮೆಟ್ಟಿಲಲ್ಲೇ ಕೂತೆ. ಕೊನೆಗೆ ಇತ್ತಾ ಒಳಗೆ ಸಣ್ಣ ಮೀಟರ್ ಹಾಕಿಸಿದರು, ಯೂನಿಟ್ ನೋಡಿ ಪಾಲು ಮಾಡುತ್ತೇವೆ. ಆದರೂ ಒಟ್ಟು ಬಿಲ್ಲು ಆ ಗೆರೆ ದಾಟಿದರೆ ಅವರ ಏಸಿಯ ದರ ನಮ್ಮ ಫ್ಯಾನಿಗೂ ಬೀಳುತ್ತದೆ. ಮನೆ ನೋಡುವಾಗ ಅಡುಗೆಕೋಣೆಗಿಂತ ಮೊದಲು ಮೀಟರ್ ನೋಡಬೇಕಿತ್ತು.

ಬೇಸಗೆಯಲ್ಲಿ ಬಾವಿಯ ನೀರು ಇಳಿದಾಗ ಬೆಳಿಗ್ಗೆ ಐದಕ್ಕೆ ಅರ್ಧ ತಾಸು, ರಾತ್ರಿ ಅರ್ಧ ತಾಸು ಮಾತ್ರ ಪಂಪು ಹಾಕಬೇಕಿತ್ತು. ಇತ್ತಾಗೆ ಮಂಡಿನೋವು. ಇವರು ಓದಲಿಕ್ಕೆ ಏಳುವ ಹೊತ್ತೂ ಅದೇ ಆದ್ದರಿಂದ ಪಂಪಿನ ಕೀಲಿಕೈ ನಮ್ಮ ಮೊಳೆಯಲ್ಲಿ ನೇತಾಡಲು ಶುರುವಾಯಿತು. ಪಕ್ಕದ ಮನೆಯ ಹೆಂಗಸು ನೀರು ಬಾರದಿದ್ದರೆ ಈಗ ಇವರನ್ನೇ ಕೂಗುತ್ತಾರೆ.

ಮಾರ್ಚ್ 31ಕ್ಕೆ 13,000 ಕೊಟ್ಟೆ. ಇತ್ತಾ ಎಣಿಸಲಿಲ್ಲ, ಒಂದು ತಟ್ಟೆ ಪತ್ತಿರಿ (ತೆಳು ಅಕ್ಕಿರೊಟ್ಟಿ) ಕೊಟ್ಟು ಕಳಿಸಿದರು. ಎಗ್ರಿಮೆಂಟ್ ಹೊಸತು ಮಾಡುವಾಗ 500 ಹೆಚ್ಚು ಮಾಡಿದರು, ಚೌಕಾಸಿ ಮಾಡಿ 300ಕ್ಕೆ ತಂದೆ. ಇನ್ನು 6,800ನ್ನು ಹತ್ತು ತಿಂಗಳಿಗೆ ಹಂಚಿದರೆ 8,160. ಬಳೆ ಇನ್ನೂ ಬ್ಯಾಂಕಿನಲ್ಲೇ ಉಂಟು.