ರೆಸ್ಯೂಮೆಯಲ್ಲಿ ಮುಚ್ಚಿಟ್ಟಿದ್ದ ಐಟಿಐ

2018ರ ಜೂನ್. ನಾನು ಪುಣೆಯ ಚಾಕಣದಲ್ಲಿ ಕೆಲಸ ಮಾಡ್ತಿದ್ದೆ. ಜರ್ಮನಿಯ ಒಂದು ಕಾಲೇಜಿಗೆ ಮಾಸ್ಟರ್ಸ್ ಅರ್ಜಿ ಹಾಕಿದ್ದೆ. ಅಲ್ಲಿಂದ ಎರಡು ಸಾಲಿನ ಮೇಲ್ ಬಂತು. ನಿಮ್ಮ ಬಿಇ ಮಾರ್ಕ್ಸ್ ಕಾರ್ಡ್ ಮೂರನೇ ಸೆಮಿಸ್ಟರ್‌ನಿಂದ ಶುರುವಾಗಿದೆ, ಮೊದಲ ಎರಡು ಸೆಮಿಸ್ಟರ್ ಎಲ್ಲಿ?

ಎಲ್ಲಿಂದ ತರೋದು? ನಾನು ಆ ಎರಡು ಸೆಮಿಸ್ಟರ್ ಓದಿಯೇ ಇಲ್ಲ. ಡಿಪ್ಲೊಮಾ ಮುಗಿಸಿ, ಡಿಸಿಇಟಿ, ಅಂದ್ರೆ ಡಿಪ್ಲೊಮಾದವರಿಗೆ ಇರೋ ಪ್ರವೇಶ ಪರೀಕ್ಷೆ ಬರೆದು, ನೇರ ಎರಡನೇ ವರ್ಷಕ್ಕೆ ಸೇರಿದವನು. ನಮ್ಮ ಕಡೆ ಲ್ಯಾಟರಲ್ ಅಂದ್ರೆ ಎಲ್ಲರಿಗೂ ಗೊತ್ತು. ಅವರಿಗೆ ಗೊತ್ತಿಲ್ಲ. ಸರಿ ಅಂತ ಡಿಪ್ಲೊಮಾ ಮಾರ್ಕ್ಸ್ ಕಾರ್ಡ್ ಕಳಿಸಿದೆ. ಮತ್ತೆ ಮೇಲ್. ಇದು ಕೂಡ ಮೂರನೇ ಸೆಮಿಸ್ಟರ್‌ನಿಂದಲೇ ಶುರುವಾಗಿದೆಯಲ್ಲ?

ಹೌದು. ಯಾಕಂದ್ರೆ ಡಿಪ್ಲೊಮಾಕ್ಕೂ ನಾನು ಲ್ಯಾಟರಲ್. ಐಟಿಐ ಮುಗಿಸಿ ಸೇರಿದ್ದೆ. ಆದರೆ ಆ ಐಟಿಐ ವಿಷಯ ನನ್ನ ಅರ್ಜಿಯಲ್ಲಿ ಎಲ್ಲೂ ಇರಲಿಲ್ಲ. ನಾನೇ ತೆಗೆದುಹಾಕಿದ್ದೆ.

ಹಿಂದಿನ ಕತೆ ಸ್ವಲ್ಪ ಹೇಳಬೇಕು. ನಮ್ಮೂರು ಶಹಾಬಾದ್. ಅಪ್ಪ ಪರಸಿ ಕಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದರು. 2009ರಲ್ಲಿ ಎಸ್ಸೆಸ್ಸೆಲ್ಸಿ ಆಯ್ತು, ಕನ್ನಡ ಮೀಡಿಯಂ. ಬೇಗ ಕೈಗೊಂದು ಕೆಲಸ ಬೇಕಿತ್ತು, ಕಲಬುರಗಿಯಲ್ಲಿ ಐಟಿಐ ಫಿಟ್ಟರ್ ಸೇರಿದೆ. ಆಗಿನ್ನೂ ಅದು ಗುಲ್ಬರ್ಗ. ಬೆಳಿಗ್ಗೆ ಪ್ಯಾಸೆಂಜರ್ ಹತ್ತೋದು, ಸಂಜೆ ಸಿಕ್ಕ ಗಾಡಿಗೆ ವಾಪಸ್. ಸೋದರಮಾವ ಮಾತ್ರ ಸಿಟ್ಟಾಗಿದ್ದರು. "ಯಾಕೋ ತಮ್ಮಾ, ಪಿಯುಸಿ ಹಚ್ಚಬಾರ್ದಾ? ಐಟಿಐ ಅಂದ್ರ ಏನ್ ಅದ ಅದ್ರಾಗ?"

ಅದ್ರಾಗ ಏನಿತ್ತು ಅಂದ್ರೆ, ಮೊದಲ ಮೂರು ತಿಂಗಳು ಬರೀ ಫೈಲಿಂಗ್. ಬೆಂಚ್ ವೈಸ್‌ನಲ್ಲಿ ಒಂದು ಕಬ್ಬಿಣದ ತುಂಡು ಕಟ್ಟಿ, ಅದರ ಮೈ ಸಮ ಆಗೋವರೆಗೆ ಉಜ್ಜೋದು. ಮೊದಲು ರಫ್ ಫೈಲ್, ಆಮೇಲೆ ಸ್ಮೂತ್. ಅಂಗೈಯಲ್ಲಿ ಬೊಬ್ಬೆ. ಏಪ್ರಿಲ್‌ನಲ್ಲಿ ಶೆಡ್ಡಿನ ತಗಡು ಕಾದು ವೈಸ್ ಹಿಡಿಕೆ ಮುಟ್ಟೋಕೂ ಆಗ್ತಿರಲಿಲ್ಲ. ಆ ತುಂಡಿಗೆ ಜಾಬ್ ಅಂತಿದ್ವಿ. ಜಾಬ್ ಆಯ್ತು ಅಂತ ತಗೊಂಡು ಹೋದರೆ ನಮ್ಮ ಇನ್‌ಸ್ಟ್ರಕ್ಟರ್ ಮಾತಾಡ್ತಿರಲಿಲ್ಲ. ಟ್ರೈ ಸ್ಕ್ವೇರ್, ಅಂದ್ರೆ ಮೂಲೆಮಟ್ಟ, ಅದರ ಅಂಚಿಗೆ ಹಿಡಿದು ಕಿಟಕಿ ಕಡೆ ಎತ್ತಿ ನೋಡ್ತಿದ್ದರು. ಸ್ಕ್ವೇರಿಗೂ ಕಬ್ಬಿಣಕ್ಕೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡರೂ ಮುಗೀತು. ಜಾಬ್ ವಾಪಸ್ ಕೈಗೆ. "ಬೆಳಕ್ ಬರ್ಲತ್ತದ" ಅಂತ ಒಂದೇ ಮಾತು.

ಎರಡು ವರ್ಷ ಐಟಿಐ. ಆಮೇಲೆ ಒಂದು ವರ್ಷ ಸಿಮೆಂಟ್ ಫ್ಯಾಕ್ಟರಿಯಲ್ಲಿ ಅಪ್ರೆಂಟಿಸ್, ತಿಂಗಳಿಗೆ ಎರಡು ಸಾವಿರದ ಆಸುಪಾಸು ಸ್ಟೈಪೆಂಡ್. 2012ರಲ್ಲಿ ಡಿಪ್ಲೊಮಾ ಎರಡನೇ ವರ್ಷಕ್ಕೆ, 2014ರಲ್ಲಿ ಬಿಇ ಎರಡನೇ ವರ್ಷಕ್ಕೆ. ಕೇಳೋಕೆ ಏಣಿ ಹತ್ತಿದ ಹಾಗಿದೆ ಅಲ್ವಾ? ಹತ್ತುವಾಗ ಹಾಗಿರಲಿಲ್ಲ. ಪ್ರತಿ ಮೆಟ್ಟಿಲಿನಲ್ಲೂ ಗಣಿತ ಕಾಯ್ತಿತ್ತು. ಐಟಿಐಯಲ್ಲಿ ವರ್ಕ್‌ಶಾಪ್ ಕ್ಯಾಲ್ಕುಲೇಶನ್ ಮಾಡಿದವನನ್ನು ಡಿಪ್ಲೊಮಾ ಎರಡನೇ ವರ್ಷಕ್ಕೆ ಕೂರಿಸಿದರೆ, ಪಕ್ಕದ ಹುಡುಗರು ಹಿಂದಿನ ವರ್ಷವೇ ಮುಗಿಸಿದ ಪಾಠ ಇವನಿಗೆ ಯಾರು ಹೇಳಿಕೊಡ್ತಾರೆ? ಇಂಗ್ಲಿಷ್ ಮೀಡಿಯಂ ಬೇರೆ. ವಿಟಿಯುನಲ್ಲಿ ಲ್ಯಾಟರಲ್ ಹುಡುಗರಿಗೆ ಒಂದು ಹೆಚ್ಚುವರಿ ಗಣಿತ ಇತ್ತು, ಮ್ಯಾಟ್‌ಡಿಪ್ ಅಂತ ಕರೀತಿದ್ವಿ. ಅಂಕ ಲೆಕ್ಕಕ್ಕಿಲ್ಲ, ಆದರೆ ಪಾಸಾಗದೆ ಡಿಗ್ರಿ ಇಲ್ಲ. ಎಷ್ಟೋ ಹುಡುಗರು ಥರ್ಮೊಡೈನಮಿಕ್ಸ್ ಪಾಸಾಗಿ ಮ್ಯಾಟ್‌ಡಿಪ್‌ನಲ್ಲಿ ಫೇಲಾಗಿ ಕೂತಿದ್ದು ನೋಡಿದ್ದೇನೆ. ನಾನು ಎರಡನೇ ಸಲಕ್ಕೆ ದಾಟಿದೆ.

ಕೊನೇ ವರ್ಷ ಪ್ಲೇಸ್‌ಮೆಂಟ್ ನೋಡಿಕೊಳ್ಳುತ್ತಿದ್ದವರೊಬ್ಬರು ನನ್ನ ರೆಸ್ಯೂಮೆ ನೋಡಿ, "ಐಟಿಐ ತೆಗೆದ್ಹಾಕು, ಲೇಬರ್ ಅನ್ಕೋತಾರೆ" ಅಂದರು. ತೆಗೆದೆ. ಈಗ ನೆನೆಸಿದರೆ ನಗು ಬರುತ್ತೆ. ಐಟಿಐ ಮತ್ತು ಅಪ್ರೆಂಟಿಸ್ ತೆಗೆದ ಮೇಲೆ 2009ರಿಂದ 2012ರವರೆಗೆ ನಾನು ಭೂಮಿ ಮೇಲೇ ಇರಲಿಲ್ಲ! ಇಂಟರ್‌ವ್ಯೂನಲ್ಲಿ "ಮೂರು ವರ್ಷ ಏನ್ ಮಾಡ್ತಿದ್ರಿ?" ಅಂತ ಕೇಳಿದಾಗ ಮೈ ಹುಷಾರಿರಲಿಲ್ಲ ಅಂದಿದ್ದೆ.

ಅದೇ ಮೂರು ವರ್ಷವನ್ನು ಈಗ ಜರ್ಮನಿಯವರು ಕೇಳ್ತಿದ್ದರು.

ಒಂದು ಬಿಳಿ ಹಾಳೆ ತಗೊಂಡು ಕೈಯಲ್ಲೇ ನಕ್ಷೆ ಬರೆದೆ. ಹತ್ತು ವರ್ಷ ಶಾಲೆ, ಎರಡು ಐಟಿಐ, ಒಂದು ಅಪ್ರೆಂಟಿಸ್, ಎರಡು ಡಿಪ್ಲೊಮಾ, ಮೂರು ಬಿಇ. ಯಾವುದರ ಆಧಾರದ ಮೇಲೆ ಯಾವ ವರ್ಷಕ್ಕೆ ವಿನಾಯಿತಿ ಸಿಕ್ಕಿತು ಅಂತ ಬಾಣದ ಗುರುತು. ಕಾಲೇಜಿನಿಂದ ಲ್ಯಾಟರಲ್ ಪ್ರವೇಶದ ಪತ್ರ ಬೇಕಾಯ್ತು. ಅದಕ್ಕೆ ಮೂರು ಸಲ ರಾತ್ರಿ ರೈಲಿನಲ್ಲಿ ಪುಣೆಯಿಂದ ಕಲಬುರಗಿಗೆ ಬಂದು ಹೋದೆ. ಐಟಿಐ ಸರ್ಟಿಫಿಕೇಟ್ ಅವ್ವನ ಟ್ರಂಕಿನಲ್ಲಿತ್ತು, ರೇಷನ್ ಕಾರ್ಡಿನ ಜೊತೆ. ಎಲ್ಲ ಸ್ಕ್ಯಾನ್ ಮಾಡಿ ಕಳಿಸಿದೆ. ವಾರದೊಳಗೆ ಸೀಟ್ ಬಂತು. ನನ್ನ 72 ಪ್ರತಿಶತವನ್ನು ಅವರ ಲೆಕ್ಕದಲ್ಲಿ 2.4 ಮಾಡಿದ್ದರು. ಅಲ್ಲಿ 1 ಅಂದ್ರೆ ಎಲ್ಲಕ್ಕಿಂತ ಮೇಲೆ, 4 ಅಂದ್ರೆ ಬರೀ ಪಾಸು. ಮನೇಲಿ ಹೇಳಿದಾಗ ಮಾವ "ನೂರಕ್ಕ ಎರಡೂವರಿನಾ?" ಅಂತ ಗಾಬರಿಯಾದರು.

ಹೋಗಿದ್ದು ಸ್ಟಟ್‌ಗಾರ್ಟ್ ಹತ್ತಿರದ ಊರಿಗೆ. ಆ ರಾಜ್ಯ, ಬಾಡೆನ್-ವ್ಯುರ್ಟೆಂಬರ್ಗ್, 2017ರಿಂದ ನಮ್ಮಂಥ ಹೊರಗಿನವರಿಗೆ ಸೆಮಿಸ್ಟರಿಗೆ 1,500 ಯೂರೊ ಫೀ ಹಾಕಿತ್ತು. ಜರ್ಮನಿಯಲ್ಲಿ ಎಲ್ಲ ಫ್ರೀ ಅಂತ ಹೇಳೋರು ಇದನ್ನು ಹೇಳಲ್ಲ. ಬ್ಯಾಂಕ್ ಸಾಲ ತೀರಿಸೋಕೆ ಅಲ್ಲೇ ದುಡಿಯಬೇಕಿತ್ತು. ಮಷಿನ್ ಬಿಡಿಭಾಗ ಮಾಡುವ ಒಂದು ಮಧ್ಯಮ ಗಾತ್ರದ ಕಂಪನಿಯಲ್ಲಿ ಪಾರ್ಟ್‌ಟೈಮ್ ಕೆಲಸಕ್ಕೆ ಕರೆದರು. ಈ ಸಲ ರೆಸ್ಯೂಮೆಯಲ್ಲಿ ಐಟಿಐ ಇತ್ತು. ಇಂಟರ್‌ವ್ಯೂ ಮಾಡಿದವರು ಅವರ ವರ್ಕ್‌ಶಾಪಿನ ಮೈಸ್ಟರ್, ಅಂದ್ರೆ ನಮ್ಮಲ್ಲಿ ಫೋರ್‌ಮನ್ ಇದ್ದ ಹಾಗೆ. ಬಿಇ ಪುಟ ಅವರು ತಿರುಗಿಸಿಯೂ ನೋಡಲಿಲ್ಲ. ಕೇಳಿದ್ದೆಲ್ಲ ಸಿಮೆಂಟ್ ಫ್ಯಾಕ್ಟರಿಯ ಬೇರಿಂಗ್ ಬದಲಾಯಿಸಿದ ಬಗ್ಗೆ. ನನ್ನ ಅರ್ಧಂಬರ್ಧ ಜರ್ಮನ್‌ನಲ್ಲಿ ಕೈಸನ್ನೆ ಮಾಡಿ ಹೇಳಿದೆ.

ಆಮೇಲೆ ಕೆಳಗೆ ಕರ್ಕೊಂಡು ಹೋದರು. ಅಲ್ಲಿ ಹದಿನಾರು-ಹದಿನೇಳರ ಹುಡುಗರು ಸಾಲಾಗಿ ನಿಂತು ಫೈಲಿಂಗ್ ಮಾಡ್ತಿದ್ದಾರೆ! ಒಬ್ಬ ಹುಡುಗ ಜಾಬ್ ತಂದ. ಮೈಸ್ಟರ್ ಸ್ಕ್ವೇರ್ ಹಿಡಿದು, ಕಿಟಕಿ ಕಡೆ ಎತ್ತಿ, ಒಂದು ಕಣ್ಣು ಮುಚ್ಚಿ ನೋಡಿದರು. ಏನೂ ಹೇಳದೆ ವಾಪಸ್ ಕೊಟ್ಟರು. ಬೆಳಕು ಬರ್ತಿತ್ತು ಅಂತ ನನಗೆ ದೂರದಿಂದಲೇ ಗೊತ್ತಾಯ್ತು.

ಆ ಹುಡುಗರದ್ದು ಔಸ್‌ಬಿಲ್ಡುಂಗ್, ಅಂದ್ರೆ ವೃತ್ತಿ ತರಬೇತಿ. ಮೂರೂವರೆ ವರ್ಷ. ವಾರದಲ್ಲಿ ಒಂದೆರಡು ದಿನ ಶಾಲೆ, ಉಳಿದ ದಿನ ಕಂಪನಿ, ತಿಂಗಳಿಗೆ ಭತ್ಯೆ. ಅಲ್ಲಿಯವರೆಗೆ ನಮ್ಮ ಅಪ್ರೆಂಟಿಸ್ ಥರಾನೇ. ಹಾಗೆ ನೋಡಿದರೆ ನಮ್ಮ ಅಪ್ರೆಂಟಿಸ್ ಕಾಯಿದೆ 1961ರದ್ದು, ಅವರ ವೃತ್ತಿ ತರಬೇತಿ ಕಾಯಿದೆ 1969ರದ್ದು. ಪದ್ಧತಿ ಮಾತ್ರ ಅವರಲ್ಲಿ ಬಹಳ ಹಳೇದು ಬಿಡಿ. ವ್ಯತ್ಯಾಸ ಇರೋದು ಆಮೇಲಿನ ದಾರಿಯಲ್ಲಿ. ತರಬೇತಿ ಮುಗಿಸಿ, ಕೆಲಸ ಮಾಡಿ, ಮೈಸ್ಟರ್ ಪರೀಕ್ಷೆ ಪಾಸಾದವನಿಗೆ ಅವರ ಅರ್ಹತಾ ಪಟ್ಟಿಯಲ್ಲಿ ಆರನೇ ಹಂತ. ಬ್ಯಾಚುಲರ್ ಡಿಗ್ರಿಗೂ ಅದೇ ಆರು. 2009ರಿಂದೀಚೆಗೆ ಮೈಸ್ಟರ್‌ಗಳು ಪಿಯುಸಿಯಂಥ ಪರೀಕ್ಷೆ ಬರೆಯದೆಯೂ ವಿಶ್ವವಿದ್ಯಾಲಯ ಸೇರಬಹುದು. ಫಿಟ್ಟರ್‌ಗೂ ಎಂಜಿನಿಯರ್‌ಗೂ ಸಂಬಳದಲ್ಲಿ ವ್ಯತ್ಯಾಸ ಅಲ್ಲೂ ಇದೆ. ಆದರೆ ಫಿಟ್ಟರ್ ಆಗಿದ್ದೆ ಅನ್ನೋದನ್ನು ಯಾರೂ ಅಳಿಸಿಹಾಕಲ್ಲ.

ಅದೇ ಕಂಪನಿಯಲ್ಲಿ ಇನ್ನೊಂದು ಥರದ ಹುಡುಗರೂ ಇದ್ದರು. ಮೂರು ತಿಂಗಳು ನನ್ನ ಪಕ್ಕದ ಮೇಜಿನಲ್ಲಿ ಕೂತಿದ್ದ ಹುಡುಗಿ ಒಂದು ದಿನ ಕಾಣೆ. ಕೇಳಿದರೆ ಕಾಲೇಜಿಗೆ ಹೋಗಿದ್ದಾಳೆ ಅಂದರು. ಮತ್ತೆ ಮೂರು ತಿಂಗಳಿಗೆ ಹಾಜರ್. ಇದಕ್ಕೆ ಡುಆಲೆಸ್ ಸ್ಟೂಡಿಯುಮ್ ಅಂತಾರೆ. ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿ, ಮೂರು ವರ್ಷಕ್ಕೆ ಬ್ಯಾಚುಲರ್ ಡಿಗ್ರಿ. ಕಾಲೇಜಿನಲ್ಲಿ ಕೂತ ತಿಂಗಳಿಗೂ ಸಂಬಳ! ಆ ರಾಜ್ಯದಲ್ಲಿ ಇದು 1974ರಲ್ಲೇ ಶುರುವಾಗಿ, 2009ರಲ್ಲಿ ವಿಶ್ವವಿದ್ಯಾಲಯದ ರೂಪ ಪಡೆಯಿತು. ಇಲ್ಲಿ ನಮ್ಮವರು ಎಡವೋ ಜಾಗ ಒಂದಿದೆ. ಮೊದಲು ಕಾಲೇಜಿಗೆ ಅರ್ಜಿ ಹಾಕ್ತಾರೆ. ತಪ್ಪು. ಮೊದಲು ಕಂಪನಿ ಒಪ್ಪಂದ ಮಾಡಿಕೊಳ್ಳಬೇಕು, ಸೀಟ್ ಆಮೇಲೆ. ಪಾಠ ಬಹುಪಾಲು ಜರ್ಮನ್‌ನಲ್ಲೇ. ನೇರ ಕಲಬುರಗಿಯಿಂದ ಇದಕ್ಕೆ ಹೋಗೋದು ಕಷ್ಟ ಅಂತಲೇ ನನ್ನ ಅಭಿಪ್ರಾಯ.

ಉಳಿದ ದೇಶಗಳ ಬಗ್ಗೆ ನನಗೆ ಗೊತ್ತಿರೋದು ಗೆಳೆಯರಿಂದ. ಸ್ವಿಟ್ಜರ್‌ಲೆಂಡಿನಲ್ಲಿ ಅಪ್ರೆಂಟಿಸ್ ಜೊತೆಗೇ ಇನ್ನೊಂದು ಪರೀಕ್ಷೆ ಪಾಸಾದರೆ ಅನ್ವಯಿಕ ವಿಜ್ಞಾನದ ಕಾಲೇಜು ನೇರ ತೆರೆಯುತ್ತೆ. ಇಂಗ್ಲೆಂಡಿನಲ್ಲಿ 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಇದೆ, ಫೀ ವಿದ್ಯಾರ್ಥಿ ತಲೆ ಮೇಲೆ ಬರಲ್ಲ, ಆದರೆ ಅದು ಅಲ್ಲಿನವರಿಗೆ. ಆಸ್ಟ್ರೇಲಿಯಾದಲ್ಲಿ ಟೇಫ್, ಅಂದ್ರೆ ಅಲ್ಲಿನ ಸರ್ಕಾರಿ ವೃತ್ತಿ ಶಿಕ್ಷಣ ಸಂಸ್ಥೆಯಲ್ಲಿ ಮಾಡಿದ ಡಿಪ್ಲೊಮಾಕ್ಕೆ ಎಷ್ಟೋ ವಿಶ್ವವಿದ್ಯಾಲಯಗಳು ಕ್ರೆಡಿಟ್ ಕೊಡ್ತಾವೆ, ನಮ್ಮ ಲ್ಯಾಟರಲ್ ಥರ. ಹೊರಗಿನವರಿಗೆ ಫೀ ಕೇಳಿದರೆ ಮಾತ್ರ ಎದೆ ಝಲ್ ಅನ್ನುತ್ತೆ.

ಮೈಸ್ಟರ್ ಒಂದು ದಿನ, ನಿನ್ನ ಫಿಟ್ಟರ್ ಸರ್ಟಿಫಿಕೇಟನ್ನು ಇಲ್ಲಿ ಹೋಲಿಸಿ ನೋಡಿಸು ಅಂದರು. ಹೊರದೇಶದ ವೃತ್ತಿ ತರಬೇತಿಯನ್ನು ಅವರ ತರಬೇತಿ ಜೊತೆ ಹೋಲಿಸೋಕೆ 2012ರಿಂದ ಕಾನೂನೇ ಇದೆ. ಕಾರ್ಖಾನೆ ಕಡೆಯ ಕಸುಬುಗಳನ್ನು ನ್ಯೂರೆಂಬರ್ಗ್‌ನ ಒಂದು ಕಚೇರಿ ನೋಡುತ್ತೆ. ಸರ್ಟಿಫಿಕೇಟಿನ ಅನುವಾದ ಸಾಲದು, ಏನೇನು ಕಲಿಸಿದ್ದಾರೆ ಅಂತ ಸಿಲಬಸ್ ಬೇಕು ಅಂದರು. ಎಂಟು ವರ್ಷ ಹಳೇ ಸಿಲಬಸ್! ನಮ್ಮ ಇನ್‌ಸ್ಟ್ರಕ್ಟರ್‌ಗೆ ಫೋನ್ ಹಚ್ಚಿದೆ. ನಿವೃತ್ತರಾಗಿದ್ದರು. "ಎಲ್ಲಿಂದ ಮಾತಾಡ್ಲತ್ತಿದಿ?" ಜರ್ಮನಿ ಸರ್ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಿ ಫೈಲ್ ಹ್ಯಾಂಗ್ ಹಿಡೀತಾರ?" ಅಂತ ಕೇಳಿದರು. ಮನೇಲಿದ್ದ ಹಳೇ ಪುಸ್ತಕದ ಒಂದೊಂದೇ ಪುಟ ಮೊಮ್ಮಗಳ ಕೈಲಿ ಫೋಟೊ ತೆಗೆಸಿ ವಾಟ್ಸಾಪ್ ಮಾಡಿದರು. ನಲವತ್ತಕ್ಕೂ ಜಾಸ್ತಿ ಪುಟ.

ಉತ್ತರ ಬಂತು, ಭಾಗಶಃ ಸಮಾನ. ಬೆಂಚ್ ಕೆಲಸ, ಅಳತೆ, ಬೇರಿಂಗ್, ರಿಪೇರಿ ಎಲ್ಲ ಒಪ್ಪಿದ್ದರು. ನ್ಯೂಮ್ಯಾಟಿಕ್ಸ್, ಹೈಡ್ರಾಲಿಕ್ಸ್, ಕಂಟ್ರೋಲ್ ಕೆಲಸದಲ್ಲಿ ಕಮ್ಮಿ ಅಂತ ಪಟ್ಟಿ ಮಾಡಿ ಕೊಟ್ಟಿದ್ದರು. ಬೇಜಾರಾಗಲಿಲ್ಲ. ನನಗೇನು ಬರಲ್ಲ ಅಂತ ಅಷ್ಟು ಸ್ಪಷ್ಟವಾಗಿ ಬರೆದ ಕಾಗದ ಅಲ್ಲಿಯವರೆಗೆ ಯಾರೂ ಕೊಟ್ಟಿರಲಿಲ್ಲ.

ಕೊರೊನಾ ಬಂದು ಥೀಸಿಸ್ ಎಳೆದು ಎಳೆದು ಮುಗಿಯಿತು. ಒಂದಿಷ್ಟು ಕಾಲ ಅಲ್ಲೇ ಕೆಲಸ ಮಾಡಿ ಸಾಲ ತೀರಿಸಿದೆ. 2022ರಲ್ಲಿ ಅಪ್ಪನ ಮೊಣಕಾಲು ಪೂರ್ತಿ ಹೋಯಿತು, ವಾಪಸ್ ಬಂದೆ. ಈಗ ಕಲಬುರಗಿಯಲ್ಲೇ ಹುಡುಗರಿಗೆ ಫಿಟ್ಟಿಂಗ್, ಸಿಎನ್‌ಸಿ ಅಂದ್ರೆ ಕಂಪ್ಯೂಟರ್‌ನಿಂದ ನಡೆಸೋ ಮಷಿನ್ ಕೆಲಸ ಹೇಳಿಕೊಡ್ತೇನೆ.

ಬರೋ ಹುಡುಗರು ಎಲ್ಲರೂ ಮೊದಲು ಔಸ್‌ಬಿಲ್ಡುಂಗ್ ಬಗ್ಗೆ ಕೇಳ್ತಾರೆ, ಯಾಕಂದ್ರೆ ಏಜೆಂಟರು ಲಕ್ಷಗಟ್ಟಲೆ ಕೇಳ್ತಿದ್ದಾರೆ. ಔಸ್‌ಬಿಲ್ಡುಂಗ್‌ಗೆ ಸೀಟ್ ಮಾರೋ ಪದ್ಧತಿ ಇಲ್ಲ, ಕಂಪನಿಯೇ ನಿಮಗೆ ಕೊಡಬೇಕು. ಜರ್ಮನ್ ಭಾಷೆ ಬಿ1, ಅಂದ್ರೆ ಮಧ್ಯಮ ಮಟ್ಟಕ್ಕೆ ಬರಬೇಕು, ಅದಕ್ಕೇ ಒಂದು ವರ್ಷ ಹೋಗುತ್ತೆ. ಡಿಗ್ರಿ ಓದೋಕೆ ಹೋಗೋರಿಗೆ 2022ರ ನವೆಂಬರ್‌ನಿಂದ ಎಪಿಎಸ್ ಸರ್ಟಿಫಿಕೇಟ್, ಅಂದ್ರೆ ನಮ್ಮ ಓದಿನ ದಾಖಲೆಗಳನ್ನು ಜರ್ಮನಿಯವರು ಪರಿಶೀಲಿಸಿ ಕೊಡೋ ಪತ್ರ, ಕಡ್ಡಾಯ. ಬ್ಲಾಕ್ಡ್ ಅಕೌಂಟ್, ಅಂದ್ರೆ ತಿಂಗಳಿಗೆ ಇಷ್ಟೇ ಅಂತ ತೆಗೆಯಬಹುದಾದ ಖಾತೆಯಲ್ಲಿ ವರ್ಷದ ಖರ್ಚು ತೋರಿಸಬೇಕು, 2025ರಲ್ಲಿ ಅದು 11,904 ಯೂರೊ ಇತ್ತು. ಐಟಿಐ ಮುಗಿಸಿ ಎರಡು ವರ್ಷ ದುಡಿದವರಿಗೆ 2024ರಿಂದ ಕೆಲಸದ ವೀಸಾದ್ದೇ ಇನ್ನೊಂದು ದಾರಿ ತೆರೆದಿದೆ, ಅವರು ಹೇಳಿದಷ್ಟು ಸಂಬಳದ ಕೆಲಸ ಕೈಯಲ್ಲಿರಬೇಕು ಅಷ್ಟೆ.

ಊರು ಬಿಡದೆಯೂ ದಾರಿ ಇದೆ ಅಂತ ಮೊದಲೇ ಹೇಳಿಬಿಡ್ತೇನೆ. ಜಿಟಿಟಿಸಿ, ಅಂದ್ರೆ ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರದಲ್ಲಿ ಮೂರು ವರ್ಷ ಓದಿ ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ ಪಡೆಯೋ ಡಿಪ್ಲೊಮಾ ಇದೆ, ಡೆನ್ಮಾರ್ಕ್ ನೆರವಿನಿಂದ ಹುಟ್ಟಿದ ಸಂಸ್ಥೆ ಅದು. ನಮ್ಮ ಕಲ್ಯಾಣ ಕರ್ನಾಟಕಕ್ಕೆ ಮೀಸಲಾತಿ ಕೊಡೋ ಸಂವಿಧಾನದ 371(ಜೆ) ಅಂದ್ರೆ ಎಲ್ಲರೂ ಮೆಡಿಕಲ್, ಎಂಜಿನಿಯರಿಂಗ್ ಸೀಟ್ ಅನ್ಕೋತಾರೆ. ಆ ಕಲಮಿನಲ್ಲಿ ವೃತ್ತಿ ತರಬೇತಿ ಸಂಸ್ಥೆಗಳ ಸೀಟೂ ಇದೆ, ಅಕ್ಷರಶಃ ಬರೆದಿದೆ. 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನ ಪ್ರಕಾರ ವರ್ಷಕ್ಕೆ 1,200 ಗಂಟೆ ಕಲಿಕೆಗೆ 40 ಕ್ರೆಡಿಟ್, ವರ್ಕ್‌ಶಾಪಿನ ಗಂಟೆಯೂ ಲೆಕ್ಕಕ್ಕೆ. ಕಾಗದದ ಮೇಲೆ ಚೆನ್ನಾಗಿದೆ. ಮ್ಯಾಟ್‌ಡಿಪ್‌ನಲ್ಲಿ ಕೂತ ಹುಡುಗನಿಗೆ ಗಣಿತ ಯಾರು ಹೇಳಿಕೊಡ್ತಾರೆ ಅನ್ನೋದು ಅದರಲ್ಲಿಲ್ಲ. ಅದಕ್ಕೇ ನಾನು ಭಾನುವಾರ ಬೆಳಿಗ್ಗೆ ಎರಡು ಗಂಟೆ ಬರೀ ಗಣಿತ ಇಟ್ಕೊಂಡಿದ್ದೇನೆ. ಫೈಲಿಂಗ್‌ಗಿಂತ ಅದಕ್ಕೇ ಜನ ಜಾಸ್ತಿ.

ಕಳೆದ ತಿಂಗಳು ಯಾದಗಿರಿ ಕಡೆಯ ಒಬ್ಬ ಹುಡುಗ ಬಂದಿದ್ದ. ಐಟಿಐ ಮುಗಿಸಿ ಡಿಪ್ಲೊಮಾ ಮಾಡ್ತಿದ್ದಾನೆ. ರೆಸ್ಯೂಮೆ ತೋರಿಸಿದ. ಎಸ್ಸೆಸ್ಸೆಲ್ಸಿ, ಕೆಳಗೆ ನೇರ ಡಿಪ್ಲೊಮಾ.

"ನಡುವೆ ಎರಡು ವರ್ಷ ಎಲ್ಲಿ ಹೋಗಿದ್ದೆ?" ಅಂದೆ.

ತಲೆ ಕೆರೆದುಕೊಂಡ. "ಐಟಿಐ ಸರ್. ಹಾಕಬ್ಯಾಡ ಅಂದ್ರು."

"ಸರ್ಟಿಫಿಕೇಟ್ ಎಲ್ಲಿದೆ?"

"ಮನ್ಯಾಗ ಅದ ಸರ್. ಲ್ಯಾಮಿನೇಶನ್ ಮಾಡ್ಸಬೇಕಂತ ಇಟ್ಟೀನಿ."

"ಮಾಡಿಸಬೇಡ ಮಾರಾಯ. ಆಮೇಲೆ ಅದರ ಮೇಲೆ ಸೀಲ್ ಒತ್ತೋಕಾಗಲ್ಲ" ಅಂದೆ. ಒಂದು ಬಿಳಿ ಹಾಳೆ ಕೊಟ್ಟು, ನಕ್ಷೆ ಬರಿ ಅಂತ ಕೂರಿಸಿದೆ.