ಮೂರನೇ ಸೆಮಿಸ್ಟರ್‌ನಲ್ಲಿ ಕಾಲೇಜು ಬಿಟ್ಟ ಪಾಯಿಂಟ್ ಗಾರ್ಡ್

2018ರ ಮಳೆಗಾಲ ಮುಗಿಯುತ್ತಿದ್ದಾಗ ನಮ್ಮ ಹಾಸ್ಟೆಲಿನ ಸೂಚನಾ ಫಲಕಕ್ಕೆ ಯಾರೋ ಒಂದು ಜೆರಾಕ್ಸ್ ಪ್ರತಿ ಅಂಟಿಸಿದ್ದರು. ರೈಲ್ವೆಯ ಒಂದು ವಲಯದಲ್ಲಿ ಕ್ರೀಡಾ ಕೋಟಾ ನೇಮಕಾತಿ. ಮಹಿಳಾ ಬ್ಯಾಸ್ಕೆಟ್‌ಬಾಲ್‌ಗೂ ಹುದ್ದೆಗಳಿದ್ದವು. ನನಗೆ ಆಗ 19 ವರ್ಷ. ಬೆಂಗಳೂರಿನ ಕಾಲೇಜೊಂದರಲ್ಲಿ ಬಿ.ಕಾಂ. ಮೂರನೇ ಸೆಮಿಸ್ಟರ್, ಕಾಲೇಜು ತಂಡದ ಪಾಯಿಂಟ್ ಗಾರ್ಡ್, ಅಂದರೆ ಆಟ ಕಟ್ಟಿ ಚೆಂಡು ಹಂಚುವವಳು. ಪದವಿ ಮುಗಿಯಲು ಇನ್ನೂ ಒಂದೂವರೆ ವರ್ಷವಿತ್ತು, ಅರ್ಜಿಯ ಕೊನೆಯ ದಿನಕ್ಕೆ ಮೂರು ವಾರ.

ಅರ್ಜಿ ಹಾಕಿ ನೋಡೋಣ, ಸಿಕ್ಕಾಗ ಯೋಚಿಸೋಣ ಎಂದು ಗೆಳತಿಯರು ಹೇಳಿದರು. ನಮ್ಮ ಕೋಚ್ ಒಪ್ಪಲಿಲ್ಲ. ‘ಆಯ್ಕೆಯಾದರೆ ಹೋಗುತ್ತೀಯೋ ಇಲ್ಲವೋ ಎಂಬುದನ್ನು ಮೊದಲು ತೀರ್ಮಾನಿಸು. ನೀನು ಆಯ್ಕೆಯಾಗಿ ಸೇರದೆ ಹೋದರೆ ಇನ್ನೊಬ್ಬ ಹುಡುಗಿಯ ಜಾಗ ಹಾಳಾಗುತ್ತದೆ’ ಎಂದರು. ಆ ಮೂರು ವಾರ ನಾನು ಹೇಗೆ ಯೋಚಿಸಿದೆ, ಯಾರನ್ನು ಕೇಳಿದೆ, ಎಲ್ಲಿ ತಪ್ಪು ತಿಳಿದುಕೊಂಡಿದ್ದೆ ಎಂಬುದನ್ನು ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ಹಿಡಿದು ನನಗೆ ಫೋನ್ ಮಾಡುವ ಹುಡುಗಿಯರು ಈಗ ಹೆಚ್ಚುತ್ತಿದ್ದಾರೆ.

ನಮ್ಮ ದೇಶದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ವೃತ್ತಿಪರಳಾಗುವುದು ಎಂದರೆ ಬಹುಪಾಲು ಒಂದು ನೌಕರಿ ಹಿಡಿಯುವುದು ಎಂದೇ ಅರ್ಥ. ಲೀಗ್‌ಗಳು ಬಂದಿವೆ, ನಿಂತಿವೆ, ಮತ್ತೆ ಬಂದಿವೆ. ಅಡುಗೆಮನೆಗೆ ಅಕ್ಕಿ ತಂದಿರುವುದು ರೈಲ್ವೆ, ಬ್ಯಾಂಕ್, ಪೊಲೀಸ್ ಇಲಾಖೆಗಳ ತಂಡಗಳು. 2017ರ ಜುಲೈನಲ್ಲಿ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಮಹಿಳಾ ಏಷ್ಯಾ ಕಪ್ ಬಿ ವಿಭಾಗದ ಫೈನಲ್ ನಡೆದಾಗ ನಾನು ಗ್ಯಾಲರಿಯಲ್ಲಿದ್ದೆ. ಭಾರತ ಕಜಕಸ್ತಾನವನ್ನು 75–73ರಿಂದ ಸೋಲಿಸಿತು. ಕೂಗಿ ಕೂಗಿ ಎರಡು ದಿನ ನನಗೆ ಧ್ವನಿಯೇ ಇರಲಿಲ್ಲ. ಆ ತಂಡದ ಅನಿತಾ ಪಾಲ್‌ದುರೈ ದಕ್ಷಿಣ ರೈಲ್ವೆಯವರು. 2021ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರದೇ ಪೀಳಿಗೆಯ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿದವರು, 2011ರಲ್ಲಿ ಅಮೆರಿಕದ ಮಹಿಳಾ ಲೀಗ್ ಡಬ್ಲ್ಯುಎನ್‌ಬಿಎ ತಂಡಗಳ ಟ್ರಯಲ್ಸ್‌ಗೂ ಹೋದವರು. ಅವರ ಬೆನ್ನಿಗಿದ್ದದ್ದೂ ದಕ್ಷಿಣ ರೈಲ್ವೆಯ ನೌಕರಿಯೇ.

ನಾನು ಮೊದಲು ಮಾಡಿದ ಕೆಲಸ ಆ ಪ್ರಕಟಣೆಯನ್ನು ಪೂರ್ತಿ ಓದಿದ್ದು. ಹಾಸ್ಟೆಲಿನ ಹುಡುಗಿಯರೆಲ್ಲ ಹುದ್ದೆಗಳ ಸಂಖ್ಯೆ ನೋಡಿ ಹೋಗಿದ್ದರು. ನಾನು ಅದರ ಪ್ರತಿ ಮಾಡಿಸಿಕೊಂಡು ಪೆನ್ಸಿಲ್ ಹಿಡಿದು ಕೂತೆ. ಒಟ್ಟು 100 ಅಂಕ. ಆಟದ ಸಾಧನೆಗೆ, ಅಂದರೆ ಪ್ರಮಾಣಪತ್ರಗಳಿಗೆ, 50. ಟ್ರಯಲ್ಸ್‌ಗೆ 40, ಅದರಲ್ಲಿ 25 ಬಾರದಿದ್ದರೆ ಅಲ್ಲಿಗೆ ಮುಗಿಯಿತು. ವಿದ್ಯಾರ್ಹತೆಗೆ 10. ವಯಸ್ಸು 18ರಿಂದ 25. ನಾಲ್ಕನೇ ಪುಟದಲ್ಲಿ ಸಣ್ಣಕ್ಷರದ ಒಂದು ಸಾಲು ಇತ್ತು: 2016ರ ಏಪ್ರಿಲ್ 1ರ ನಂತರದ ಸಾಧನೆಗಳನ್ನು ಮಾತ್ರ ಪರಿಗಣಿಸಲಾಗುವುದು. ಆ ಹಣಕಾಸು ವರ್ಷ ಮತ್ತು ಅದರ ಹಿಂದಿನ ಎರಡು ವರ್ಷ, ಅಷ್ಟೇ ಲೆಕ್ಕ.

ಆ ಸಾಲಿನ ಕೆಳಗೆ ನಾನು ಎರಡು ಗೆರೆ ಎಳೆದೆ. ನನ್ನ ಬಳಿ ಇದ್ದ ದೊಡ್ಡ ಸಾಧನೆ ಒಂದೇ: ಪಿಯುಸಿ ಎರಡನೇ ವರ್ಷದಲ್ಲಿ, 2017ರ ಜನವರಿಯಲ್ಲಿ, ಕಿರಿಯರ ರಾಷ್ಟ್ರಮಟ್ಟದ ಟೂರ್ನಿಯೊಂದರಲ್ಲಿ ನಮ್ಮ ತಂಡ ಗೆದ್ದ ಕಂಚು. ಅದು 2016–17ರ ಪದಕ. ಈ ವರ್ಷದ ನೇಮಕಾತಿಗೆ ಸಲ್ಲುತ್ತದೆ, ಮುಂದಿನ ವರ್ಷದ್ದಕ್ಕೆ ಸಲ್ಲುವುದಿಲ್ಲ. ಪದವಿ ಮುಗಿಸಿಕೊಂಡು 2020ರಲ್ಲಿ ಬಂದರೆ ಆ ಪದಕ ನಮ್ಮ ಮನೆಯ ಗೋಡೆಯ ಮೇಲಿರುತ್ತದೆ, ರೈಲ್ವೆಯ ಅಂಕಪಟ್ಟಿಯಲ್ಲಿ ಇರುವುದಿಲ್ಲ. ಅಷ್ಟರಲ್ಲಿ ಹೊಸದೊಂದು ಪದಕ ಗೆಲ್ಲಬೇಕು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಪದಕ ಒಬ್ಬಳ ಕೈಯಲ್ಲಿರುವುದಿಲ್ಲ. ಹನ್ನೆರಡು ಜನರ ಫಾರ್ಮ್, ಒಂದು ಡ್ರಾ, ಒಬ್ಬಳ ಉಳುಕಿದ ಪಾದ, ಎಲ್ಲವೂ ಕೂಡಿ ಬರಬೇಕು.

ಇನ್ನೊಂದು ತಪ್ಪು ತಿಳಿವಳಿಕೆಯೂ ಅಲ್ಲೇ ಕಳಚಿತು. ಪದವಿ ಮುಗಿಸಿ ಹೋದರೆ ಹೆಚ್ಚಿನ ಶ್ರೇಣಿಯ ಹುದ್ದೆ ಸಿಗುತ್ತದೆ ಎಂದು ಕಾಲೇಜಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಪಿಯುಸಿ ಆಧಾರದ ಎರಡನೇ ಹಂತಕ್ಕೆ ಮೂಲವೇತನ 19,900 ರೂಪಾಯಿ, ಪದವಿ ಕೇಳುವ ನಾಲ್ಕನೇ ಹಂತಕ್ಕೆ 25,500. ವ್ಯತ್ಯಾಸ ಸಣ್ಣದಲ್ಲ. ಆದರೆ ನಾಲ್ಕನೇ ಹಂತಕ್ಕೆ ಪದವಿಯ ಜೊತೆಗೆ ಅಂತರರಾಷ್ಟ್ರೀಯ ಮಟ್ಟದ ಸಾಧನೆಯೂ ಬೇಕು. ಭಾರತದ ಜರ್ಸಿ ತೊಡದೆ ಬರೀ ಬಿ.ಕಾಂ. ಹಿಡಿದು ಹೋದರೆ ನಾನು ನಿಲ್ಲುವುದು ಇದೇ ಎರಡನೇ ಹಂತದ ಸಾಲಿನಲ್ಲಿ. ಒಂದೂವರೆ ವರ್ಷ ಕಾದು ಅದೇ ಸಾಲಿಗೆ, ಪದಕವಿಲ್ಲದೆ.

ಇಷ್ಟಾದ ಮೇಲೂ ಮನಸ್ಸು ಒಪ್ಪಿರಲಿಲ್ಲ. ನನ್ನ ತಮ್ಮ ರಾತ್ರಿ ಎದ್ದು ಎನ್‌ಬಿಎ ನೋಡುವವನು. ಅವನು ಅಮೆರಿಕದ ಉದಾಹರಣೆಗಳನ್ನು ಗುಡ್ಡೆ ಹಾಕಿದ. ಅಲ್ಲಿನ ಹುಡುಗರು 19 ತುಂಬುವ ವರ್ಷದಲ್ಲಿ, ಹೈಸ್ಕೂಲು ಬಿಟ್ಟು ಒಂದು ವರ್ಷ ಕಳೆದಿದ್ದರೆ ಡ್ರಾಫ್ಟಿಗೆ, ಅಂದರೆ ತಂಡಗಳು ಸರದಿಯಲ್ಲಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಹೋಗಬಹುದು. 2006ರ ಡ್ರಾಫ್ಟಿನಿಂದ ಆ ನಿಯಮ. ಹೆಸರು ಕೊಟ್ಟು, ಷಿಕಾಗೊದ ಶಿಬಿರದಲ್ಲಿ ತಂಡಗಳ ಎದುರು ಆಡಿ, ಸರಿಹೋಗದಿದ್ದರೆ ಗಡುವಿನೊಳಗೆ ಹೆಸರು ಹಿಂಪಡೆದು ಕಾಲೇಜಿಗೆ ಮರಳಲೂಬಹುದು. ಹುಡುಗಿಯರಿಗೆ ಡಬ್ಲ್ಯುಎನ್‌ಬಿಎ ಬಾಗಿಲು ಅಷ್ಟು ಬೇಗ ತೆರೆಯುವುದಿಲ್ಲ. 22 ತುಂಬುವ ವರ್ಷವಾಗಿರಬೇಕು, ಇಲ್ಲವೇ ಪದವಿ ಮುಗಿದಿರಬೇಕು. ‘ಅವರೇ ಹುಡುಗಿಯರಿಗೆ ಓದು ಮುಗಿಸಿ ಎನ್ನುತ್ತಿದ್ದಾರೆ, ನೀನು ಯಾಕೆ ಬಿಡುತ್ತೀಯ?’ ಎಂದ. ಕೆನಡಾದ ಪಂಜಾಬಿ ಕುಟುಂಬದ ಸಿಮ್ ಭುಲ್ಲರ್ ಕಥೆಯನ್ನೂ ಹೇಳಿದ. ಏಳು ಅಡಿ ಐದು ಇಂಚಿನ ಆ ಆಟಗಾರ ನ್ಯೂ ಮೆಕ್ಸಿಕೊ ಸ್ಟೇಟ್ ವಿಶ್ವವಿದ್ಯಾಲಯವನ್ನು ಎರಡೇ ವರ್ಷಕ್ಕೆ ಬಿಟ್ಟ. 2014ರ ಡ್ರಾಫ್ಟಿನಲ್ಲಿ ಯಾವ ತಂಡವೂ ಆರಿಸಲಿಲ್ಲ. 2015ರ ಏಪ್ರಿಲ್‌ನಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಪರ ಆಡಿ ಎನ್‌ಬಿಎ ತಲುಪಿದ ಭಾರತೀಯ ಮೂಲದ ಮೊದಲಿಗನಾದ. ಅಲ್ಲಿ ಆಡಿದ್ದು ಒಟ್ಟು ಮೂರು ಪಂದ್ಯ.

ತಮ್ಮನಿಗೆ ಆ ಮೂರು ಪಂದ್ಯ ಎಚ್ಚರಿಕೆಯಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಆ ಮೂರು ಪಂದ್ಯದ ಅಂಗಳಕ್ಕೆ ಇಳಿಯಲು ಭುಲ್ಲರ್ ಪಟ್ಟ ಪಾಡಿನ ಮೇಲೆ ನನಗೆ ಗೌರವವಿದೆ. ಆದರೆ ಅವನ ಪ್ರಶ್ನೆ ನನ್ನ ಪ್ರಶ್ನೆಯಾಗಿರಲಿಲ್ಲ ಎಂಬುದು ನನಗೆ ತಿಳಿದದ್ದು ಅಪ್ಪನಿಂದ.

ಮದ್ದೂರಿನ ಬಳಿ ನಮ್ಮದು ಎರಡು ಎಕರೆ ಕಬ್ಬಿನ ಗದ್ದೆ. ಆ ಶನಿವಾರ ಊರಿಗೆ ಹೋದಾಗ ಅಪ್ಪ ಬದುವಿನ ಮೇಲೆ ಕೂತು ಕಾಲುವೆ ನೀರು ತಿರುಗಿಸುತ್ತಿದ್ದರು. ಹಿಂದಿನ ಸಾಲಿನ ಕಬ್ಬಿನ ಹಣ ಇನ್ನೂ ಬಂದಿರಲಿಲ್ಲ. ನಾನು ಅಂಕ, ಹಂತ, ಗಡುವು ಎಲ್ಲವನ್ನೂ ಹೇಳಿದೆ. ಅವರು ಗುದ್ದಲಿಯಿಂದ ಮಣ್ಣು ಒತ್ತರಿಸುತ್ತಾ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಕೇಳಿದ್ದು ಒಂದೇ ಮಾತು: ‘ಮಂಡಿ ಹೋದರೆ ಕೆಲಸವೂ ಹೋಗುತ್ತದಾ?’

ನನಗೆ ಉತ್ತರ ಗೊತ್ತಿರಲಿಲ್ಲ. ಇಷ್ಟು ದಿನ ಓದಿ, ಎಣಿಸಿ, ವಾದಿಸಿ, ಅದನ್ನೇ ಯಾರನ್ನೂ ಕೇಳಿರಲಿಲ್ಲ.

ಸೋಮವಾರ ಬೆಂಗಳೂರಿಗೆ ಮರಳಿದವಳೇ ಕ್ರೀಡಾ ಕೋಟಾದಲ್ಲಿ ಕೇಂದ್ರ ಸರ್ಕಾರದ ಕಚೇರಿಯೊಂದನ್ನು ಸೇರಿದ್ದ ಹಿರಿಯ ಆಟಗಾರ್ತಿಯೊಬ್ಬರಿಗೆ ಫೋನ್ ಮಾಡಿದೆ. ‘ಅಕ್ಕ, ನಾನು ಸೇರಲೋ ಬೇಡವೋ?’ ಎಂದೆ. ಅವರು ಹೇಳಲು ಒಪ್ಪಲಿಲ್ಲ. ‘ಒಂದು ದಿನ ನನ್ನ ಜೊತೆ ಇದ್ದು ನೋಡು’ ಎಂದರು. ಬೆಳಗ್ಗೆ ಐದೂವರೆಗೆ ಅವರ ಜೊತೆ ಅಂಗಳದಲ್ಲಿದ್ದೆ. ಒಂಬತ್ತೂವರೆಗೆ ಕಚೇರಿ. ಅವರ ಮೇಜಿನ ಪಕ್ಕದ ಕಬ್ಬಿಣದ ಬೀರುವಿನಲ್ಲಿ ಮೇಲಿನ ಮೂರು ಅರೆಗಳಲ್ಲಿ ಕಡತಗಳು, ಕೆಳಗಿನ ಅರೆಯಲ್ಲಿ ಶೂ, ಒದ್ದೆ ಟವೆಲ್, ಪಾದಕ್ಕೆ ಸುತ್ತುವ ಟೇಪಿನ ನಾಲ್ಕು ಸುರುಳಿ. ಅವರು ಮೇಜಿನ ಅಡಿಯಲ್ಲಿ ಒಂದು ಕೈಯಿಂದ ಹಳೆಯ ಟೇಪ್ ಬಿಚ್ಚುತ್ತಾ ಇನ್ನೊಂದು ಕೈಯಿಂದ ಒಳಬಂದ ಪತ್ರಗಳ ವಹಿಯಲ್ಲಿ ಸಂಖ್ಯೆ ಬರೆಯುತ್ತಿದ್ದರು. ಬರಹ ದುಂಡಗೆ, ಒಂದೂ ಚಿತ್ತಿಲ್ಲ. ಒಂದು ಗಂಟೆಯವರೆಗೆ ಅದೇ ಕೆಲಸ. ಆಟಗಾರರಿಗೆ ಅರ್ಧ ದಿನದ ರಿಯಾಯಿತಿ ಇತ್ತು. ಊಟ ಮುಗಿಸಿ ಮೂರೂವರೆಗೆ ಮತ್ತೆ ಅಂಗಳ.

ಮಧ್ಯಾಹ್ನ ಊಟದ ಡಬ್ಬಿ ತೆರೆದಾಗ ಅಪ್ಪನ ಪ್ರಶ್ನೆ ಕೇಳಿದೆ. ಅವರು ಸಲ್ವಾರಿನ ಕಾಲು ಮಡಚಿ ಬಲ ಮಂಡಿಯ ಮೇಲಿನ ಹೊಲಿಗೆಯ ಗುರುತು ತೋರಿಸಿದರು. ಕೆಲಸಕ್ಕೆ ಸೇರಿದ ಎರಡನೇ ವರ್ಷದ ಶಸ್ತ್ರಚಿಕಿತ್ಸೆ. ಒಂಬತ್ತು ತಿಂಗಳು ಚೆಂಡು ಮುಟ್ಟಿರಲಿಲ್ಲ, ಸಂಬಳ ನಿಂತಿರಲಿಲ್ಲ. ‘ಇದು ಕಾಂಟ್ರ್ಯಾಕ್ಟ್ ಅಲ್ಲ, ನೌಕರಿ’ ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹೇಳಿದರು: ‘ಆದರೆ ಕೇಳು. ವರ್ಷದಲ್ಲಿ ನಾನು ನಿಜವಾದ ಪಂದ್ಯ ಆಡುವುದು ಮೂವತ್ತು ದಿನವಿರಬಹುದು. ಉಳಿದ ದಿನ ಈ ಕುರ್ಚಿ. ಆಟ ನಿಂತ ಮೇಲೆ ಇಪ್ಪತ್ತೈದು ವರ್ಷ ಈ ಕುರ್ಚಿಯೇ. ಇದರ ಮೇಲೆ ಕೂರಲು ನಿನಗೆ ಕಷ್ಟವೆನಿಸಿದರೆ ಬರಬೇಡ.’

ಆ ಕುರ್ಚಿಯ ಮೇಲೆ ಕೂತು ನೋಡಿದೆ, ನಿಜವಾಗಿಯೂ. ನನಗೆ ಕಷ್ಟವೆನಿಸಲಿಲ್ಲ. ಲೆಕ್ಕ ಬರೆಯುವ ಕೆಲಸ ನನಗೆ ಮೊದಲಿನಿಂದಲೂ ಇಷ್ಟ. ಎನ್‌ಬಿಎ ಸೇರುವ ಹುಡುಗನದು ಈಗ ಹೋದರೆ ಎಷ್ಟು ಎತ್ತರ ಏರಬಹುದು ಎಂಬ ಪ್ರಶ್ನೆ. ನನ್ನದು ಆಟ ಮುಗಿದ ಮಾರನೆಯ ದಿನ ನಾನು ಎಲ್ಲಿರುತ್ತೇನೆ ಎಂಬುದು. ಆ ರಾತ್ರಿಯೇ ಅರ್ಜಿ ತುಂಬಿದೆ. ದುಡ್ಡಿಗಾಗಿ ಓದು ಬಿಟ್ಟಳು ಎಂದು ಕಾಲೇಜಿನಲ್ಲಿ ಆಡಿಕೊಂಡವರಿದ್ದಾರೆ. ದುಡ್ಡೂ ಒಂದು ಕಾರಣ, ಅದನ್ನು ಹೇಳಲು ನನಗೆ ನಾಚಿಕೆಯಿಲ್ಲ. ಬಾಕಿ ಹಣಕ್ಕಾಗಿ ಕಾದು ಕೂತ ಮನೆಯಲ್ಲಿ ಪ್ರತಿ ತಿಂಗಳ ಕೊನೆಗೆ ತಪ್ಪದೆ ಬರುವ ಸಂಬಳದ ಬೆಲೆ ಏನೆಂದು ಗೊತ್ತಿದ್ದವರು ಆ ಮಾತು ಆಡಲಾರರು.

ಟ್ರಯಲ್ಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ದಿನ, ಓಟ, ಶೂಟಿಂಗ್, ಆಮೇಲೆ ಐವರ ತಂಡಗಳಲ್ಲಿ ಆಟ. ಮೊದಲ ಐದು ನಿಮಿಷದಲ್ಲೇ ಎರಡು ಸಲ ಚೆಂಡು ಕಳೆದುಕೊಂಡೆ. ಆಮೇಲೆ ಅಂಕ ಗಳಿಸುವ ಆಸೆ ಬಿಟ್ಟು, ಎತ್ತರದ ಇಬ್ಬರು ಹುಡುಗಿಯರಿಗೆ ಚೆಂಡು ತಲುಪಿಸುವುದನ್ನಷ್ಟೇ ಮಾಡಿದೆ. ಪಾಯಿಂಟ್ ಗಾರ್ಡ್‌ನ ಕೆಲಸ ಅದೇ ತಾನೇ.

ಪೇಚಿಗೆ ಸಿಕ್ಕಿದ್ದು ದಾಖಲೆಗಳ ವಿಷಯದಲ್ಲಿ. ಕಾಲೇಜು ನನಗೆ ಕ್ರೀಡಾ ಸೀಟು ಕೊಟ್ಟಿತ್ತು. ಮಧ್ಯದಲ್ಲಿ ಬಿಡುವುದಾದರೆ ಮೂರೂ ವರ್ಷದ ಶುಲ್ಕ ಕಟ್ಟು ಎಂದು ಕಚೇರಿಯವರು ಪಿಯುಸಿ ಅಂಕಪಟ್ಟಿಯ ಮೂಲಪ್ರತಿಯನ್ನು ಹಿಡಿದಿಟ್ಟರು. ಅತ್ತ ದಾಖಲೆ ಪರಿಶೀಲನೆಯ ದಿನ ಹತ್ತಿರವಾಗುತ್ತಿತ್ತು. ಅಪ್ಪ ಊರಿನಿಂದ ಬಂದು ಮೂರು ದಿನ ಆ ಕಚೇರಿಯ ಬೆಂಚಿನ ಮೇಲೆ ಕೂತರು. ಕೊನೆಗೆ ಒಂದು ವರ್ಷದ ಶುಲ್ಕ ಕಟ್ಟಿಸಿಕೊಂಡು ಕೊಟ್ಟರು. ಕ್ರೀಡಾ ಸೀಟಿಗೆ ಸೇರುವ ಹುಡುಗಿಯರಿಗೆ ನಾನು ಕೈಮುಗಿದು ಹೇಳುತ್ತೇನೆ: ಮಧ್ಯದಲ್ಲಿ ಬಿಟ್ಟರೆ ಏನು ಎಂಬುದನ್ನು ಸೇರುವ ದಿನವೇ ಬರವಣಿಗೆಯಲ್ಲಿ ಕೇಳಿ. ಮೂಲ ದಾಖಲೆಗಳನ್ನು ಪರಿಶೀಲನೆಗೆ ತೋರಿಸಿ, ವಾಪಸ್ ತನ್ನಿ.

2019ರ ಬೇಸಿಗೆಯಲ್ಲಿ ಕೆಲಸಕ್ಕೆ ಸೇರಿದೆ. ಕಳೆದುಕೊಂಡದ್ದೂ ಇದೆ. ಅಂತರ ವಿಶ್ವವಿದ್ಯಾಲಯ ಟೂರ್ನಿ ರೆಗ್ಯುಲರ್ ವಿದ್ಯಾರ್ಥಿಗಳದ್ದು, ನೌಕರರಿಗೆ ಅಲ್ಲಿ ಜಾಗವಿಲ್ಲ. ನಮ್ಮ ವಿಶ್ವವಿದ್ಯಾಲಯದ ನೇರಳೆ ಜರ್ಸಿಯನ್ನು ನಾನು ಒಮ್ಮೆಯೂ ತೊಡಲಿಲ್ಲ. ಅದಕ್ಕಿಂತ ಹೆಚ್ಚು ನೋಯಿಸಿದ್ದು ಕರ್ನಾಟಕದ ಜರ್ಸಿ. ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆಯದು ಬೇರೆಯೇ ತಂಡ, ರಾಜ್ಯಗಳ ಎದುರಾಳಿ. ರೈಲ್ವೆ ತಂಡಕ್ಕೆ ಎಲ್ಲ ವಲಯಗಳಿಂದ ಆರಿಸುತ್ತಾರೆ; ದೇಶದ ಅತ್ಯುತ್ತಮ ಆಟಗಾರ್ತಿಯರ ನಡುವೆ ಪೈಪೋಟಿ. ಎರಡು ಬಾರಿ ಶಿಬಿರಕ್ಕೆ ಹೋದೆ, ಎರಡು ಬಾರಿಯೂ ಅಂತಿಮ ಹನ್ನೆರಡರಲ್ಲಿ ಹೆಸರಿರಲಿಲ್ಲ. ನನ್ನ ಆಟ ಅಂತರ ರೈಲ್ವೆ ಪಂದ್ಯಾವಳಿಗೆ ನಿಂತಿತು. ಕಾಲೇಜಿನಲ್ಲೇ ಉಳಿದಿದ್ದರೆ ಸೀನಿಯರ್ ನ್ಯಾಷನಲ್ಸ್‌ನಲ್ಲಿ ಕರ್ನಾಟಕಕ್ಕೆ ಆಡುತ್ತಿದ್ದೆನೇನೋ ಎಂಬ ಸಂಕಟ ಪ್ರತಿ ವರ್ಷ ತಂಡ ಪ್ರಕಟವಾದ ದಿನ ಬರುತ್ತದೆ.

ನಾನು ಪದವಿ ಮುಗಿಸಬೇಕಿದ್ದ 2020ರಲ್ಲಿ ಕೋವಿಡ್ ಬಂತು. ಟೂರ್ನಿಗಳು ನಿಂತವು, ಅಂಗಳಗಳಿಗೆ ಬೀಗ ಬಿತ್ತು. ‘ನೋಡು, ನೀನು ಹೋದದ್ದೇ ಒಳ್ಳೆಯದಾಯಿತು’ ಎಂದು ಎಲ್ಲರೂ ಹೇಳುತ್ತಾರೆ. ಅದನ್ನು ನಾನು ಒಪ್ಪುವುದಿಲ್ಲ. ಮೂರು ವಾರ ಕೂತು ತೀರ್ಮಾನಿಸಿದಾಗ ಕೋವಿಡ್ ನನ್ನ ಲೆಕ್ಕದಲ್ಲಿರಲಿಲ್ಲ. ಆಗ ಗೊತ್ತಿದ್ದುದರ ಮೇಲೆ ನನ್ನ ತೀರ್ಮಾನ ಸರಿಯಿತ್ತೋ ಇಲ್ಲವೋ ಅಷ್ಟನ್ನೇ ನೋಡಬೇಕು. ನನ್ನ ಜೊತೆ ಆಡುತ್ತಿದ್ದು ಕಾಲೇಜಿನಲ್ಲೇ ಉಳಿದ ಹುಡುಗಿಯೊಬ್ಬಳು ಆ ಎರಡು ವರ್ಷ ಕಳೆದುಕೊಂಡಳು. ಅವಳು ನನಗಿಂತ ಚೆನ್ನಾಗಿ ಆಡುತ್ತಿದ್ದಳು. ಅವಳ ಲೆಕ್ಕ ತಪ್ಪಾಗಿರಲಿಲ್ಲ.

ಓದನ್ನು ಬಿಡಲಿಲ್ಲ. ದೂರಶಿಕ್ಷಣದ ಮುಕ್ತ ವಿಶ್ವವಿದ್ಯಾಲಯ ಇಗ್ನೊದಲ್ಲಿ ಬಿ.ಕಾಂ.ಗೆ ಹೊಸದಾಗಿ ಹೆಸರು ನೋಂದಾಯಿಸಿದೆ. ಪದವಿ ಮುಗಿಸಲು ಅಲ್ಲಿ ಮೂರರಿಂದ ಆರು ವರ್ಷದ ಅವಕಾಶವಿದೆ, ನನಗೆ ಐದು ಹಿಡಿಯಿತು. ಕಚೇರಿಯ ಟೈಪಿಂಗ್ ಪರೀಕ್ಷೆಗೆ ನಿಮಿಷಕ್ಕೆ 30 ಪದಗಳ ವೇಗ ಬೇಕಿತ್ತು. ಬೆರಳುಗಳ ಹಳೆಯ ಉಳುಕುಗಳಿಂದಾಗಿ ಅದೇ ಎಲ್ಲಕ್ಕಿಂತ ಕಷ್ಟವಾಯಿತು. ಪದವಿ ಪತ್ರ ಅಂಚೆಯಲ್ಲಿ ಬಂದಾಗ ಅಮ್ಮ ಅದನ್ನು ಕಂಚಿನ ಪದಕದ ಪಕ್ಕದಲ್ಲಿ ತೂಗುಹಾಕಿದರು.

ಕಳೆದ ತಿಂಗಳು ನಮ್ಮೂರಿನ ಕಡೆಯ ಒಬ್ಬ ಹುಡುಗಿ ಫೋನ್ ಮಾಡಿದ್ದಳು. ಎರಡನೇ ಸೆಮಿಸ್ಟರ್, ಎತ್ತರ ಐದು ಅಡಿ ಹತ್ತು ಇಂಚು, ಕೈಯಲ್ಲಿ ಒಂದು ಬೆಳ್ಳಿ ಪದಕ. ‘ಅಕ್ಕ, ಸೇರಲೋ ಬೇಡವೋ?’ ಎಂದಳು. ಪದಕ ಯಾವ ತಿಂಗಳಿನದು ಎಂದು ಮೊದಲು ಕೇಳಿದೆ. ಆಮೇಲೆ ರಾತ್ರಿ ರೈಲು ಹತ್ತಿ ಬಾ, ನಾಳೆ ಬೆಳಗ್ಗೆ ಐದೂವರೆಗೆ ಅಂಗಳದಲ್ಲಿ ಸಿಗು ಎಂದೆ. ಐದು ಗಂಟೆಗೆ ನಾನು ಹೋದಾಗ ಅವಳು ಆಗಲೇ ಬಂದು, ಬೀಗ ಹಾಕಿದ ಗೇಟಿನ ಮುಂದೆ ಚೀಲದ ಮೇಲೆ ಕೂತು ಶೂ ಲೇಸು ಬಿಗಿಯುತ್ತಿದ್ದಳು.